ಕೊನೆಯ ಹತ್ತು ನಿಮಿಷ

ಇಂಜಿನ್ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ದುಡಿದವನಿಗೆ ಕಿವಿ ಅರ್ಧ ಹೋಗಿರುತ್ತದೆ, ಸಿಟ್ಟು ಮಾತ್ರ ಪೂರ್ತಿ ಉಳಿದಿರುತ್ತದೆ. ಆದ್ದರಿಂದ ನನ್ನ ದನಿ ಸ್ವಲ್ಪ ಜೋರಾದರೆ ಬೇಸರ ಮಾಡಿಕೊಳ್ಳಬೇಡಿ. ಕಾಲೇಜಿನ ಹಿಂಭಾಗದಲ್ಲಿ, ತಗಡಿನ ಮಾಡಿನ ಕೆಳಗೆ, ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್ ಒಂದಿದೆ. ಅದನ್ನು ಎಬ್ಬಿಸುವವನು ನಾನು, ಓಡಿಸುವವನು ನಾನು, ಹತ್ತು ಸಿಸಿ ಎಣ್ಣೆ ಕುಡಿಯಲು ಅದಕ್ಕೆ ಎಷ್ಟು ಸೆಕೆಂಡು ಬೇಕಾಯಿತು ಎಂದು ಗಡಿಯಾರ ಹಿಡಿದು ರಿಜಿಸ್ಟರಿನಲ್ಲಿ ಬರೆಯುವವನೂ ನಾನೇ. ಆ ಅಂಕಿಗಳನ್ನು ಇಟ್ಟುಕೊಂಡು ಡಾಕ್ಟರಾಗುವವರು ಬೇರೆಯವರು. ವರ್ಷಕ್ಕೆ ಇಬ್ಬರಂತೆ ಆಗಿ ಹೋಗಿದ್ದಾರೆ. ಅವರ ಪುಸ್ತಕಗಳ ಮೊದಲ ಪುಟದಲ್ಲಿ ತಂದೆ ತಾಯಿಗೆ, ಗುರುಗಳಿಗೆ, ಹೆಂಡತಿಗೆ, ಒಂದು ಸಲ ಒಬ್ಬರ ನಾಯಿಗೂ ಕೃತಜ್ಞತೆ ಹೇಳಿದ್ದುಂಟು. ನನಗೆ ಆ ಪುಟದಲ್ಲಿ ಜಾಗ ಸಿಕ್ಕಿಲ್ಲ. ಸಿಗದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ.

ನಾಲ್ಕು ವರ್ಷದ ಹಿಂದೆ ನಮ್ಮ ಮೇಡಂ ಬೀಜದ ಎಣ್ಣೆ ಹಿಡಿದುಕೊಂಡು ಬಂದರು. ಮೇಡಂ ಅಂದರೆ ಲ್ಯಾಬಿನ ಪ್ರೊಫೆಸರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು, ಹಟದಲ್ಲಿ ದೊಡ್ಡವರು. ತಿನ್ನಲು ಬಾರದ ಯಾವುದೋ ಕಾಯಿಯ ಬೀಜ. ಅದರ ಎಣ್ಣೆಗೆ ಸ್ಪಿರಿಟ್ಟು, ಕಾಸ್ಟಿಕ್ ಹಾಕಿ ಬಿಸಿ ಮಾಡಿ ಒಂದು ದಿನ ಬಿಟ್ಟರೆ ತಳದಲ್ಲಿ ಗ್ಲಿಸರಿನ್ ಕೂರುತ್ತದೆ, ಮೇಲೆ ತಿಳಿಯಾಗಿ ನಿಲ್ಲುವುದು ಬಯೋಡೀಸೆಲ್. ಅದನ್ನು ಇಂಜಿನ್‌ಗೆ ಕುಡಿಸಿದರೆ ಲ್ಯಾಬೆಲ್ಲ ಯಾರೋ ಕರಿಯಲು ಕೂತ ಹಾಗೆ ವಾಸನೆ. ನನಗೆ ಮಧ್ಯಾಹ್ನದ ಊಟವೇ ಸೇರುತ್ತಿರಲಿಲ್ಲ. ಈ ಎಣ್ಣೆಯ ದೊಡ್ಡ ಕಾಯಿಲೆಯೆಂದರೆ ಅಂಟು. ಬಿಸಿ ಇಂಜಿನ್ನಿನೊಳಗೆ ಸುಮ್ಮನೆ ನಿಂತರೆ ಗೋಂದಿನಂತಾಗಿ ಪಂಪಿಗೆ, ನಾಜಲ್‌ಗೆ ಮೆತ್ತಿಕೊಳ್ಳುತ್ತದೆ. ನಾಜಲ್ ಅಂದರೆ ಎಣ್ಣೆಯನ್ನು ನಯವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಬೆರಳುದ್ದದ ತುಂಡು. ಅದರ ತೂತು ಕಟ್ಟಿತೆಂದರೆ ಇಂಜಿನ್ನಿನ ಉಸಿರು ಕಟ್ಟಿದಂತೆಯೇ. ಅಂಟು ಆಗದಿರಲಿ ಎಂದು ಮೇಡಂ ಒಂದು ಕೆಮಿಕಲ್ ಕಂಡುಹಿಡಿದಿದ್ದರು. ಲೀಟರಿಗೆ ಒಂದು ಚಮಚ. ಅದಕ್ಕೊಂದು ಉದ್ದದ ಹೆಸರಿತ್ತು, ನಾನು ಮದ್ದು ಅನ್ನುತ್ತಿದ್ದೆ. ಕೊನೆಗೆ ಅವರೂ ಮದ್ದು ಅನ್ನಲು ಶುರುಮಾಡಿದರು.

ಮದ್ದು ಹಾಕಿದ ಎಣ್ಣೆಯಲ್ಲಿ ಐನೂರು ಗಂಟೆ ಓಡಿಸಿ ನೋಡಬೇಕು ಎಂದಾಯಿತು. ದಿನಕ್ಕೆ ಏಳು ಗಂಟೆ. ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ ಅನ್ನುತ್ತಾರಲ್ಲ, ಹಾಗೆ ಕಾದೆ. ಸಂಜೆ ಐದಕ್ಕೆ ಕೊನೆಯ ರೀಡಿಂಗ್ ಬರೆದಾದ ಮೇಲೆ ಮೇಡಂ ಕೈ ತೊಳೆದು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು, ಮಗಳನ್ನು ಶಾಲೆಯಿಂದ ಕರೆತರಬೇಕು. ಆಮೇಲೆ ಇಂಜಿನ್ ಮತ್ತು ನಾನು ಇಬ್ಬರೇ. ಆಗ ನಾನು ಮಾಡುತ್ತಿದ್ದ ಒಂದು ಕೆಲಸವಿತ್ತು. ನನಗೆ ವಿದ್ಯೆ ಕಲಿಸಿದ ಮುದುಕ ಮೆಕ್ಯಾನಿಕ್ ಹೇಳಿಕೊಟ್ಟದ್ದು. "ಲೋ, ಅದಕ್ಕೆ ಏನ್ ಬೇಕಾದ್ರೂ ಕುಡಿಸು. ಮಲಗಿಸೋ ಮುಂಚೆ ಮಾತ್ರ ಬಾಯಿ ತೊಳೆಸು," ಅನ್ನುತ್ತಿದ್ದ. ಅಂದರೆ, ನಿಲ್ಲಿಸುವ ಮೊದಲು ವಾಲ್ವ್ ತಿರುಗಿಸಿ, ಪಕ್ಕದ ಎರಡನೆಯ ಟ್ಯಾಂಕಿನ ಬರೀ ಡೀಸೆಲ್‌ನಲ್ಲಿ ಹತ್ತು ನಿಮಿಷ ಓಡಿಸುವುದು. ಪಂಪು, ಪೈಪು, ನಾಜಲ್ ಎಲ್ಲ ತೊಳೆದುಹೋಗುತ್ತದೆ. ರಾತ್ರಿಯೆಲ್ಲ ಒಳಗೆ ನಿಲ್ಲುವುದು ಡೀಸೆಲ್, ಬೀಜದೆಣ್ಣೆಯಲ್ಲ.

ಐನೂರು ಗಂಟೆಯ ಟೆಸ್ಟಿನಲ್ಲಿ ಒಂದು ದಿನವೂ ಅದನ್ನು ತಪ್ಪಿಸಲಿಲ್ಲ. ಬರೆಯಲೂ ಇಲ್ಲ. ಯಾಕೆ ಬರೆಯಲಿ? ರಿಜಿಸ್ಟರ್ ಇರುವುದು ರೀಡಿಂಗಿಗೆ. ಕೆಲಸ ಮುಗಿದ ಮೇಲೆ ನೆಲ ಗುಡಿಸಿದೆ, ಸ್ಪ್ಯಾನರ್ ಒರೆಸಿ ಇಟ್ಟೆ ಎಂದು ಯಾರಾದರೂ ಬರೆಯುತ್ತಾರೆಯೇ? ನನ್ನ ಪಾಲಿಗೆ ಅದೂ ಅಂಥದ್ದೇ ಆಗಿತ್ತು.

ಐನೂರು ಗಂಟೆ ಮುಗಿದ ದಿನ ನಾಜಲ್ ಬಿಚ್ಚಿದೆವು. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಚುಕ್ಕೆ ಕಪ್ಪಿಲ್ಲ.

"ನೋಡಿ ಮೆಕ್ಯಾನಿಕ್ ಅವ್ರೇ! ಮದ್ದು ಕೆಲಸ ಮಾಡಿದೆ!" ಎಂದು ಮಕ್ಕಳಂತೆ ಕುಣಿದುಬಿಟ್ಟರು. ಕಣ್ಣಲ್ಲಿ ನೀರು. ನನಗೂ ಕೊಂಬು ಬಂದಷ್ಟು ಖುಷಿ. ನನ್ನಾಣೆ, ಆ ಹೊತ್ತಿನಲ್ಲಿ ನನ್ನ ಹತ್ತು ನಿಮಿಷ ನನಗೇ ನೆನಪಾಗಲಿಲ್ಲ. "ಯಾವ ತೊಂದರೆಯೂ ಕಂಡುಬಂದಿಲ್ಲ" ಎಂದು ರಿಜಿಸ್ಟರಿನ ಕೊನೆಯ ಪುಟದಲ್ಲಿ ದುಂಡಗೆ ಬರೆದು ಸಹಿ ಹಾಕಿದೆ.

ಆ ವರದಿ ನದಿ ಸಾರಿಗೆ ಕಚೇರಿಗೆ ಹೋಯಿತು. ನಮ್ಮ ಊರನ್ನು ನದಿ ಎರಡು ಮಾಡಿದೆ. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸಲು ಕಚೇರಿಯ ಒಂಬತ್ತು ಲಾಂಚುಗಳಿವೆ. ಮೊದಲು ಒಂದು ಲಾಂಚಿನಲ್ಲಿ ಈ ಎಣ್ಣೆ ಹಾಕಿ ನೋಡೋಣ ಎಂದು ಅಧಿಕಾರಿಗಳು ಅಂದರು. ಚಾಲಕರು ಎಂಟು ಜನ ಕೈ ಮುಗಿದು ಒಲ್ಲೆ ಎಂದರು. ಒಂಬತ್ತನೆಯವರು ನನ್ನ ಭಾವ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮೂವತ್ತೆಂಟು ವರ್ಷ ಆ ನದಿಯ ಮೇಲೆ ಲಾಂಚು ಓಡಿಸಿದವರು, ಒಬ್ಬ ಪ್ರಯಾಣಿಕನ ಚಪ್ಪಲಿಯೂ ನೀರಿಗೆ ಬಿದ್ದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡರೆ ಕೆಣಕದೆ ಬಿಡುತ್ತಿರಲಿಲ್ಲ. "ಬಂದ್ರಪ್ಪ ಇಂಜಿನ್ ಡಾಕ್ಟ್ರು. ನಾಡಿ ನೋಡ್ತೀರೋ, ನಾಲಗೆ ನೋಡ್ತೀರೋ?" ಎನ್ನುವುದು ಅವರ ಮಾಮೂಲಿ ಸ್ವಾಗತ. ಹೊರಗೆ ತಮಾಷೆ, ಒಳಗೆ ನನ್ನ ಮೇಲೆ ಅವರಿಗಿದ್ದ ನಂಬಿಕೆ ನನಗೇ ನನ್ನ ಮೇಲಿರಲಿಲ್ಲ.

ಅವತ್ತು ಮಾತ್ರ ತಮಾಷೆ ಬಿಟ್ಟು ಕೇಳಿದರು. "ನೋಡು, ನಂಗೆ ಈ ಪ್ರೊಫೆಸರು, ಆಫೀಸರು ಯಾರೂ ಬೇಡ. ನೀನು ಒಂದು ಮಾತು ಹೇಳು. ಹಾಕ್ಲಾ, ಬೇಡ್ವಾ?"

"ಹಾಕಿ ಭಾವ. ಐನೂರು ಗಂಟೆ ನಾನೇ ಕೈಯಾರೆ ಓಡಿಸಿದೀನಿ. ಏನೂ ಆಗಲ್ಲ," ಅಂದೆ.

"ಆಯ್ತು ಬಿಡು ಹಾಗಾದ್ರೆ." ಅಷ್ಟೇ. ಮಾರನೆಯ ದಿನ ಹೋಗಿ ಸಹಿ ಹಾಕಿ ಬಂದರು. ಉಳಿದ ಚಾಲಕರು ನಕ್ಕರೆ, "ನನ್ನ ಭಾವಮೈದ ಟೆಸ್ಟ್ ಮಾಡಿರೋ ಎಣ್ಣೆ ಕಣ್ರೋ. ನಿಮ್ಮ ಭಾವಮೈದಂದಿರು ಏನ್ ಮಾಡಿದಾರೆ, ಇಸ್ಪೀಟಾಡೋದು ಬಿಟ್ಟು?" ಎಂದು ಅವರ ಬಾಯಿ ಮುಚ್ಚಿಸಿದರಂತೆ.

ಮೂರನೆಯ ತಿಂಗಳು ಅಕ್ಕ ಫೋನ್ ಮಾಡಿದಳು. "ಏನೋ, ಇವರ ಲಾಂಚು ಬೆಳಿಗ್ಗೆ ಏಳೋಕೆ ಹಟ ಮಾಡ್ತಿದೆಯಂತೆ. ನಿನ್ನ ಹತ್ರ ಹೇಳೋಕೆ ಸಂಕೋಚ ಮಾಡ್ಕೋತಿದಾರೆ. ಒಂದ್ಸಲ ಬಂದು ನೋಡೋ."

ಭಾನುವಾರ ಹೋದೆ. ಲಾಂಚಿನ ಹಲಗೆ ಎತ್ತಿ ಇಂಜಿನ್ ಕೋಣೆಗೆ ಇಳಿದು, ಮೊಣಕಾಲೂರಿ ಫಿಲ್ಟರ್ ಬಿಚ್ಚಿದೆ. ಕಂದು ಬಣ್ಣದ ಅಂಟು ಬೆರಳಿಗೆ ಎಳೆ ಎಳೆಯಾಗಿ ಬಂತು. ನಾಜಲ್ ಬಿಚ್ಚಿದೆ. ತುದಿಯಲ್ಲಿ ಕರಿ ಹೆಪ್ಪು, ಉಗುರಿನಿಂದ ಕೆರೆದರೂ ಬಿಡಲೊಲ್ಲದು. ನಾಲ್ಕು ತೂತುಗಳಲ್ಲಿ ಎರಡು ಮುಚ್ಚಿಯೇ ಹೋಗಿದ್ದವು.

ಆಗ ನೆನಪಾಯಿತು ನೋಡಿ, ನನ್ನ ಹತ್ತು ನಿಮಿಷ. ಈ ಲಾಂಚಿಗೆ ಒಂದೇ ಟ್ಯಾಂಕು. ದಿನಕ್ಕೆ ಹದಿನಾರು ಸಲ ದಡಕ್ಕೆ ಬಂದು ಇಂಜಿನ್ ಆರಿಸುತ್ತಾರೆ, ಹದಿನಾರು ಸಲವೂ ಬಿಸಿ ನಾಜಲ್ಲಿನೊಳಗೆ ಬೀಜದೆಣ್ಣೆಯೇ ನಿಲ್ಲುತ್ತದೆ. ಇದರ ಬಾಯಿ ತೊಳೆಯುವವರು ಯಾರೂ ಇಲ್ಲ. ನಮ್ಮ ಲ್ಯಾಬಿನ ನಾಜಲ್ ಅಷ್ಟು ಚೊಕ್ಕಟವಾಗಿದ್ದದ್ದು ಮದ್ದಿನಿಂದಲ್ಲ, ನನ್ನಿಂದ. ಮದ್ದು ಹೊಗೆ ಕಡಿಮೆ ಮಾಡಿತ್ತು, ಅದು ನಿಜ. ಅಂಟಿಗೆ ಮಾತ್ರ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಅದು ಯಾರಿಗೂ ಗೊತ್ತಾಗದ ಹಾಗೆ ದಿನವೂ ಸಂಜೆ ಐದರ ಮೇಲೆ ಮುಚ್ಚಿಹಾಕಿದವನು ನಾನು, ಕೆಲಸದ ಅಚ್ಚುಕಟ್ಟಿನಿಂದ.

ಮೇಲಿನಿಂದ ಭಾವ ಬಗ್ಗಿ ಕೇಳಿದರು. "ಏನಂತೆ ಡಾಕ್ಟ್ರೇ ರೋಗ?"

ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಅವರ ಹಿಂದೆ ಇನ್ನಿಬ್ಬರು ಚಾಲಕರು ಸೊಂಟದ ಮೇಲೆ ಕೈಯಿಟ್ಟು ನಿಂತು ನಗುತ್ತಿದ್ದರು, ಟೆಸ್ಟ್ ಮಾಡಿದ ಭಾವಮೈದನ ಮುಖ ನೋಡಲೆಂದೇ ಬಂದವರು. ಮೊದಲು ಮೇಡಂಗೆ ಹೇಳೋಣ, ಆಮೇಲೆ ಇವರಿಗೆ ಹೇಳಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬರೀ ಮರ್ಯಾದೆಗೆ ಅಂಜಿದೆ ಅನ್ನುವುದೇ ಸರಿ.

"ನಿಮ್ಮ ಟ್ಯಾಂಕಿನ ತಳದಲ್ಲಿ ಹಳೇ ಕೊಳೆ ಇದೆ ಭಾವ. ಅದೇ ಬಂದು ಸಿಕ್ಕೊಂಡಿದೆ. ಟ್ಯಾಂಕ್ ಬಿಚ್ಚಿಸಿ ತೊಳೆಸಿಬಿಡಿ," ಅಂದೆ.

"ತೊಳೆಸಬೇಕಂದ್ರೆ ಎರಡು ದಿನ ಲಾಂಚು ನಿಲ್ಲಿಸ್ಬೇಕಲ್ಲೋ. ಬದಲಿ ಲಾಂಚು ಮುಂದಿನ ತಿಂಗಳು ಬರುತ್ತೆ. ಆಗ ಮಾಡಿಸ್ತೀನಿ."

ನಾಜಲ್ ಕೆರೆದು ತೊಳೆದು ಹಾಕಿಕೊಟ್ಟೆ. ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಎದ್ದಿತು. ಭಾವ ಆ ಇಬ್ಬರ ಕಡೆ ತಿರುಗಿ ಹುಬ್ಬು ಹಾರಿಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸೋಮವಾರ ಮೇಡಂ ಬರುವುದನ್ನೇ ಕಾದು ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ದಿನಾನಾ?"

"ದಿನಾ ಮೇಡಂ."

"ಐನೂರು ಗಂಟೆ ಪೂರ್ತಿ?"

"ಒಂದು ದಿನಾನೂ ತಪ್ಪಿಸಿಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳೋ ವಿಷಯ ಅಂತ ಅನ್ನಿಸ್ಲೇ ಇಲ್ಲ. ನೀವೂ ಕೇಳ್ಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲು ಎಳೆದುಕೊಂಡು ಕೂತರು. "ಎರಡು ವಾರ ಟೈಮ್ ಕೊಡಿ. ಡೀಸೆಲ್‌ನಲ್ಲಿ ತೊಳೀದೆ ನಾನೇ ಮತ್ತೆ ಓಡಿಸಿ ನೋಡ್ತೀನಿ. ಆಮೇಲೆ ನಾನೇ ಕಚೇರಿಗೆ ಬರೀತೀನಿ. ಅಲ್ಲೀವರೆಗೆ ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ಪ್ಲೀಸ್. ನಿಮಗೂ ಇನ್ನು ಏಳೇ ತಿಂಗಳು ಸರ್ವಿಸ್ ಇರೋದು."

ತಲೆಯಾಡಿಸಿದೆ. ಅವರನ್ನು ಬೈದು ಏನು ಪ್ರಯೋಜನ? ಆ ಎರಡು ವಾರ ಅವರಿಗಿಂತ ನನಗೇ ಹೆಚ್ಚು ಅನುಕೂಲವಾಗಿತ್ತು. ನಾಜಲ್ ಈಗಷ್ಟೇ ತೊಳೆದಿದೆ, ಹದಿನೈದು ದಿನಕ್ಕೆ ಏನಾಗಿಬಿಡುತ್ತದೆ ಎಂದು ಲೆಕ್ಕ ಹಾಕಿದೆ. ಫಿಲ್ಟರ್ ಹಳೆಯದೇ ಇತ್ತು. ಅದನ್ನೂ ಒರೆಸಿ ಹಾಕಿದ್ದೆ, ಹೊಸದು ಹಾಕಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ನದಿ ತುಂಬಿ ಹರಿಯುತ್ತಿದ್ದಾಗ, ಇಪ್ಪತ್ತೆರಡು ಜನರನ್ನು ಹೊತ್ತ ಭಾವನ ಲಾಂಚು ನಡುನೀರಿನಲ್ಲಿ ಕೆಮ್ಮಿ ನಿಂತುಹೋಯಿತು. ಸೆಲ್ಫ್ ಹೊಡೆದರು, ಹೊಡೆದರು, ಏಳಲಿಲ್ಲ. ಸೆಳವು ಲಾಂಚನ್ನು ಅಡ್ಡಡ್ಡ ತಿರುಗಿಸಿ ರೈಲು ಸೇತುವೆಯ ಕಂಬದ ಕಡೆಗೆ ಒಯ್ದಿತು. ಭಾವ ಜನರನ್ನೆಲ್ಲ ಹಿಂಬದಿಗೆ ಕಳಿಸಿ, ತಾವು ಲಾಂಚಿನ ಮೂತಿಯಲ್ಲಿ ನಿಂತು ಬಿದಿರಿನ ಗಳು ಹಿಡಿದು ಕಂಬಕ್ಕೆ ಒತ್ತು ಕೊಟ್ಟರು. ಗಳು ಜಾರಿತು. ಕಂಬಕ್ಕೂ ಲಾಂಚಿಗೂ ನಡುವೆ ಅವರ ಬಲಗೈ ಸಿಕ್ಕಿಕೊಂಡಿತು. ಒಬ್ಬ ಹೆಂಗಸು ನೀರಿಗೆ ಬಿದ್ದಳು, ಹಿಂದಿನಿಂದ ಬಂದ ಲಾಂಚಿನವರು ಎಳೆದು ಹಾಕಿದರು. ಯಾರ ಪ್ರಾಣವೂ ಹೋಗಲಿಲ್ಲ. ಭಾವನ ಮೂರು ಬೆರಳು ಹೋದವು.

ಆಸ್ಪತ್ರೆಯ ಮಂಚದ ಮೇಲೆ ಅವರು ಬೆರಳಿನ ಮಾತೆತ್ತಲಿಲ್ಲ. "ಆ ಹೆಂಗಸು ಹುಷಾರಾಗಿದಾಳಾ?" ಎಂದು ಮೂರು ಸಲ ಕೇಳಿದರು. ಆಮೇಲೆ, "ಲೈಸೆನ್ಸ್ ಕಿತ್ಕೊಳ್ಳಲ್ಲ ಅಲ್ವೇನೋ? ಮೂವತ್ತೆಂಟು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲ. ಈಗ ಇವನ ಅಜಾಗರೂಕತೆ ಅಂತ ಬರೆದು ಮನೆಗೆ ಕಳಿಸಿದ್ರೆ ನಾನು ದಡದ ಮೇಲೆ ಮುಖ ಹೇಗಪ್ಪಾ ತೋರಿಸ್ಲಿ?"

"ಬರೆಯೋಕೆ ಬಿಡಲ್ಲ ಭಾವ," ಅಂದೆ. ಅವತ್ತೇ ಗಟ್ಟಿ ಮಾಡಿಕೊಂಡೆ. ನನ್ನ ಸರ್ವಿಸ್, ಪಿಂಚಣಿ ಎಲ್ಲ ಹಾಳಾಗಿ ಹೋಗಲಿ, ವಿಚಾರಣೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ವಿಚಾರಣೆ ನಡೆದದ್ದು ಸಾರಿಗೆ ಕಚೇರಿಯ ಮಹಡಿಯ ಕೋಣೆಯಲ್ಲಿ. ಉದ್ದನೆಯ ಮೇಜು, ಮುಚ್ಚಳವಿಟ್ಟ ನೀರಿನ ಲೋಟಗಳು, ಕರಕರ ಅನ್ನುವ ಫ್ಯಾನು. ಮೂವರು ಅಧಿಕಾರಿಗಳು, ನಡುವೆ ಕೂತವರು ನಿವೃತ್ತ ಇಂಜಿನಿಯರು, ಸಾವಧಾನದ ಮನುಷ್ಯ. ಮೇಡಂ ಬಂದು ನಮ್ಮ ಲ್ಯಾಬಿನ ರಿಜಿಸ್ಟರ್ ಮೇಜಿನ ಮೇಲಿಟ್ಟು, ಐನೂರು ಗಂಟೆಯ ಟೆಸ್ಟಿನ ವಿಷಯ ಚುಟುಕಾಗಿ ಹೇಳಿ ಕೂತರು. ನನ್ನ ಕಡೆ ನೋಡಲಿಲ್ಲ. ಭಾವ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮೂಲೆಯ ಬೆಂಚಿನ ಮೇಲಿದ್ದರು, ಪಕ್ಕದಲ್ಲಿ ಅಕ್ಕ.

ನಾನು ಎದ್ದು ನಿಂತು ಎಲ್ಲ ಹೇಳಿದೆ. ವಾಲ್ವು, ಡೀಸೆಲ್ಲು, ಹತ್ತು ನಿಮಿಷ. ಸಿಟ್ಟು ಬಂದಾಗ ಗಂಟಲು ಹರಿಯುವ ಹಾಗೆ ಮಾತಾಡುವ ನನಗೆ ಅವತ್ತು ನಾಲಗೆ ತೊಡರಿತು. ಇಂಜಿನಿಯರು ರಿಜಿಸ್ಟರಿನ ಹಾಳೆ ಮಗುಚುತ್ತಾ ಕೇಳಿದರು.

"ಇಲ್ಲಿ ಎಲ್ಲೂ ಬರೆದಿಲ್ವಲ್ಲ?"

"ರೀಡಿಂಗ್ ಮುಗಿದ್ಮೇಲೆ ಮಾಡಿದ್ದು ಸರ್."

"ಈ ಅಕ್ಷರ ನಿಮ್ಮದೇನಾ?"

"ಹೌದು ಸರ್."

"'ಯಾವ ತೊಂದರೆಯೂ ಕಂಡುಬಂದಿಲ್ಲ.' ಇದೂ?"

"ಹೌದು."

ಅವರು ಮೇಡಂ ಕಡೆ ತಿರುಗಿದರು. "ಇವರು ಹೀಗೆ ಮಾಡ್ತಿದ್ದದ್ದನ್ನ ನೀವು ನೋಡಿದೀರಾ?"

ಮೇಡಂ ನೀರಿನ ಲೋಟದ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಮುಚ್ಚಿದರು. "ಇಲ್ಲ," ಅಂದರು. "ನನ್ನ ಕಣ್ಣೆದುರಿಗೆ ಯಾವತ್ತೂ ಮಾಡಿಲ್ಲ." ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ನೋಡಿ. ಐದಕ್ಕೇ ಹೊರಟುಬಿಡುತ್ತಿದ್ದರಲ್ಲ.

"ಗಾಯ ಆಗಿರೋ ಚಾಲಕರು ನಿಮಗೆ ಏನಾಗ್ಬೇಕು?" ಮತ್ತೆ ನನಗೆ.

"ನಮ್ಮಕ್ಕನ ಗಂಡ."

ಪಕ್ಕದ ಅಧಿಕಾರಿ ಮೂಗಿನಲ್ಲಿ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. ಮೇಜು ಗುದ್ದಿ ಏನಾದರೂ ಅನ್ನುವಷ್ಟರಲ್ಲಿ ಮೂಲೆಯಲ್ಲಿ ಬೆಂಚು ಸರಿದ ಸದ್ದಾಯಿತು. ಭಾವ ಎದ್ದು ನಿಂತಿದ್ದರು.

"ಸ್ವಾಮಿ, ಅವನ ಮಾತು ಬರ್ಕೋಬೇಡಿ," ಅಂದರು. "ಅವನು ಹುಟ್ಟಿದಾಗಿಂದ ಸುಳ್ಳು ಹೇಳಿದೋನಲ್ಲ. ಅದಕ್ಕೇ ನೋಡಿ, ಹೇಳೋಕೂ ಬರ್ತಿಲ್ಲ, ತೊದಲ್ತಿದಾನೆ. ನನ್ನ ಉಳಿಸೋಕೆ ಅಂತ ಕಷ್ಟಪಡ್ತಿದಾನೆ. ಟ್ಯಾಂಕಲ್ಲಿ ಕೊಳೆ ಇದೆ, ತೊಳೆಸಿ ಅಂತ ಅವನೇ ನನಗೆ ಹೇಳಿದ್ದ, ಇಬ್ಬರು ಚಾಲಕರು ಕೇಳಿಸ್ಕೊಂಡಿದಾರೆ. ನಾನೇ ಮುಂದಿನ ತಿಂಗಳು ಅಂತ ತಳ್ಳಿದೆ. ತಪ್ಪು ನಂದು. ಅವನಿಗೆ ಇನ್ನು ಸ್ವಲ್ಪ ದಿನ ಸರ್ವಿಸ್ ಇದೆ, ನನ್ನ ದೆಸೆಯಿಂದ ಅವನ ಅನ್ನ ಕಳೀಬೇಡಿ."

"ಭಾವ! ಕೂತ್ಕೊಳ್ಳಿ!" ಎಂದು ಕಿರುಚಿದೆ. "ಆ ಟ್ಯಾಂಕಿನ ಮಾತೇ ಸುಳ್ಳು! ನಾಚಿಕೆಯಾಗಿ ಹಾಗೆ ಹೇಳಿದ್ದೆ!"

ಇಂಜಿನಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದನಿಯಲ್ಲಿ ಒಂದಿಷ್ಟೂ ಕೋಪವಿರಲಿಲ್ಲ. "ಅಂದ್ರೆ ನೀವು ಒಂದ್ಸಲ ಸುಳ್ಳು ಹೇಳಿರೋದಂತೂ ನಿಜ. ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ, ಅದನ್ನ ನಾವು ಹೇಗೆ ತಿಳ್ಕೋಬೇಕು ಹೇಳಿ?"

"ಇಂಜಿನ್ ಬಿಚ್ಚಿ ನೋಡಿ ಸರ್."

"ನೋಡಿದೀವಿ. ಕಟ್ಟಿಕೊಂಡಿತ್ತು. ಕೊಳೆಯಿಂದಲೂ ಕಟ್ಟುತ್ತಲ್ಲ?"

ಫ್ಯಾನು ಕರಕರ ಅನ್ನುತ್ತಿತ್ತು. ಗುಮಾಸ್ತ ಭಾವನ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡು, ಇಂಕಿನ ಪ್ಯಾಡು ತಂದು, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ. ಬಲಗೈಯಲ್ಲಿ ಸಹಿ ಮಾಡುವಂತಿರಲಿಲ್ಲವಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ಚಾಲಕನ ಅಜಾಗರೂಕತೆ, ಲೈಸೆನ್ಸ್ ರದ್ದು. ಅದರ ಕೆಳಗೇ ಇನ್ನೊಂದು ಸಾಲು: ಟ್ಯಾಂಕುಗಳನ್ನು ತೊಳೆಸಿದ ನಂತರ ಉಳಿದ ಎಂಟು ಲಾಂಚುಗಳಿಗೂ ಈ ಎಣ್ಣೆಯನ್ನು ವಿಸ್ತರಿಸತಕ್ಕದ್ದು. ಮೇಡಂ ಮತ್ತೆ ಓಡಿಸಿ ನೋಡುತ್ತೇನೆ ಅಂದಿದ್ದ ಟೆಸ್ಟು ಮುಗಿದಿಲ್ಲ, ಕಚೇರಿಗೂ ಇನ್ನೂ ಬರೆದಿಲ್ಲ. ಬರೆಯುತ್ತೇನೆ ಅನ್ನುತ್ತಾರೆ, ಎದುರಿಗೆ ಸಿಕ್ಕಾಗಲೆಲ್ಲ. ನಾನೇ ಕೈಯಾರೆ ಬರೆದು ಕಳಿಸಿದ ಎರಡು ಪತ್ರಗಳಿಗೆ "ಸಂಬಂಧಿಕರ ಪರವಾದ ಮನವಿ" ಎಂದು ಷರಾ ಹಾಕಿ ವಾಪಸ್ಸು ಕಳಿಸಿದರು. ನನ್ನ ಸರ್ವಿಸಿಗೆ ಕೂದಲೂ ಕೊಂಕಲಿಲ್ಲ.

ಆದೇಶ ಬಂದ ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದರು. ಒಂದು ಗುಂಡಿಗೆ ಐದು ನಿಮಿಷ. ನಾನು ಮುಂದೆ ಬಗ್ಗಿದರೆ ಕೈ ತಳ್ಳಿದರು. ಅಕ್ಕ ಚಹಾ ತಂದು ನನ್ನ ಕೈಗಿಟ್ಟು, ಯಾವತ್ತೂ ಇಲ್ಲದವಳು ತಲೆ ಸವರಿದಳು.

"ಒಡಹುಟ್ಟಿದೋನು ಅಂದ್ರೆ ಹೀಗಿರ್ಬೇಕು ಕಣೋ," ಅಂದಳು. "ಅಷ್ಟು ಜನರ ಮುಂದೆ ಮಾನ ಬಿಟ್ಟು ಇವರಿಗೋಸ್ಕರ ಸುಳ್ಳು ಹೇಳಿದೆಯಲ್ಲ. ಸಾಯೋವರೆಗೂ ಮರೆಯಲ್ಲ."

"ಅಕ್ಕಾ, ಅದು ಸುಳ್ಳಲ್ಲ. ಭಾವ, ನಿಮ್ಮ ಕಾಲು ಹಿಡೀತೀನಿ, ಕೇಳಿ. ತಪ್ಪು ನಿಮ್ಮದಲ್ಲ. ಆ ಟೆಸ್ಟೇ ಸುಳ್ಳು. ದಿನಾ ಸಂಜೆ ನಾನು…"

ಭಾವ ಗುಂಡಿ ಬಿಟ್ಟು ಎಡಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದರು.

"ಸಾಕು ಬಿಡೋ ಮಾರಾಯ. ನಿನ್ನ ಮನಸ್ಸು ನಂಗೆ ಗೊತ್ತಿಲ್ವಾ? ಇಷ್ಟು ವರ್ಷ ಒಂದೂ ಹೇಳದೇ ಇದ್ದೋನು, ಎಲ್ಲಾ ಸುಳ್ಳನ್ನೂ ಈಗ ಒಟ್ಟಿಗೇ ಹೇಳಿ ಮುಗಿಸ್ತಿದೀಯಲ್ಲ!" ಎಂದು ನಕ್ಕರು.

ಅಕ್ಕನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ಅವರಿಬ್ಬರೂ ನಕ್ಕಿದ್ದು ಅದೇ ಮೊದಲು.